ಮೂವತ್ತು ದಾಟಿದ ಮೇಲೆ ಮೆಳ್ಳಗಣ್ಣಿಗೆ ಚಿಕಿತ್ಸೆ ಇದೆಯೇ?

ಮೂಡಿಗೆರೆ ರೈಟರ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ ಈಗ 36 ವರ್ಷ. ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಹಾಜರಿ, ಲೆಕ್ಕ ನೋಡಿಕೊಳ್ಳುವ ರೈಟರ್ ಆಗಿದ್ದೇನೆ. ನನ್ನ ಎಡಗಣ್ಣು ಚಿಕ್ಕಂದಿನಿಂದಲೂ ಹೊರಮಗ್ಗುಲಿಗೆ ಸರಿಯುತ್ತದೆ. ಮೊದಮೊದಲು ದಣಿದಾಗ ಅಥವಾ ಜ್ವರ ಬಂದಾಗ ಮಾತ್ರ ಹಾಗಾಗುತ್ತಿತ್ತಂತೆ. ಈಗೀಗ ದಿನದ ಬಹುಪಾಲು ಹೊತ್ತು ಸರಿದೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಬೆಳಿಗ್ಗೆ ಮಸ್ಟರ್ (ಆಳುಗಳ ಹಾಜರಿ) ಕರೆದು ಕೆಲಸ ಹಂಚುವಾಗ ನಾನು ಒಬ್ಬರನ್ನು ನೋಡಿ ಹೇಳಿದ ಮಾತಿಗೆ ಪಕ್ಕದಲ್ಲಿ ನಿಂತವರು ಉತ್ತರ ಕೊಡುವುದು ನಮ್ಮಲ್ಲಿ ನಗೆಯ ವಿಷಯವಾಗಿಬಿಟ್ಟಿದೆ, ನಾನೂ ನಕ್ಕು ಸುಮ್ಮನಾಗುತ್ತೇನೆ.

ಆದರೆ ನಕ್ಕು ಬಿಡಲಾಗದ ಕೆಲವು ತೊಂದರೆಗಳು ಇತ್ತೀಚೆಗೆ ಸೇರಿಕೊಂಡಿವೆ. ಸಂಜೆ ಲೆಕ್ಕದ ಪುಸ್ತಕ ಬರೆಯುವಾಗ ಅಂಕಿಗಳು ಒಂದರೊಳಗೊಂದು ಸೇರಿದಂತೆ ಕಾಣುತ್ತವೆ, ಹಣೆ ಹಿಡಿದುಕೊಳ್ಳುತ್ತದೆ. ಕಾಫಿ ಒಣಹಾಕಿದ ಕಣದಲ್ಲಿ ಬಿಸಿಲಿಗೆ ನಿಂತರೆ ಎಡಗಣ್ಣು ನನ್ನ ಅರಿವಿಗೆ ಬಾರದೆ ಮುಚ್ಚಿಕೊಳ್ಳುತ್ತದೆ. ತುಂಬ ದಣಿದ ದಿನ ರಾತ್ರಿ ಜೀಪಿನಲ್ಲಿ ಬರುವಾಗ ಎದುರಿನ ವಾಹನದ ದೀಪಗಳು ಒಮ್ಮೊಮ್ಮೆ ಎರಡೆರಡಾಗಿ ಕಂಡು ಗಾಬರಿಯಾಗುತ್ತದೆ.

ಮೆಳ್ಳಗಣ್ಣು ಅದೃಷ್ಟದ ಗುರುತು ಎಂದು ನಮ್ಮಜ್ಜಿ ನಂಬಿದ್ದರಿಂದ ಚಿಕ್ಕಂದಿನಲ್ಲಿ ಯಾರೂ ವೈದ್ಯರಿಗೆ ತೋರಿಸಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ನಡೆದ ಒಂದು ಕಣ್ಣಿನ ಶಿಬಿರದಲ್ಲಿ, ಎಂಟು ವರ್ಷದೊಳಗೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಪ್ರಯೋಜನವಿಲ್ಲ ಎಂದು ಹೇಳಿ ಕಳುಹಿಸಿದರು. ಆ ಮಾತನ್ನು ನಂಬಿಕೊಂಡು ಇಷ್ಟು ವರ್ಷ ಕಳೆದಿದ್ದೇನೆ. ಈಗ ಪರಿಚಯದವರೊಬ್ಬರು ದೊಡ್ಡವರಿಗೂ ಆಪರೇಷನ್ ಮಾಡುತ್ತಾರೆ ಎನ್ನುತ್ತಾರೆ. ಇನ್ನೊಬ್ಬರು, ಅದು ಬರೀ ಅಂದಕ್ಕೆ ಮಾಡುವುದು, ಮಾಡಿಸಿಕೊಂಡರೆ ಜನ್ಮಪೂರ್ತಿ ಎರಡೆರಡು ಕಾಣುತ್ತದೆ ಎಂದು ಹೆದರಿಸುತ್ತಾರೆ. ಮೊಬೈಲಿನಲ್ಲಿ ನೋಡಿದರೆ ಆಪರೇಷನ್ ಇಲ್ಲದೆ ವ್ಯಾಯಾಮದಿಂದಲೇ ಕಣ್ಣು ನೆಟ್ಟಗಾಗುತ್ತದೆ ಎಂದು ದುಡ್ಡು ಕೇಳುವವರಿದ್ದಾರೆ. ಇವುಗಳಲ್ಲಿ ಯಾವುದು ನಿಜ ಎಂದು ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಕಣ್ಣುಗುಡ್ಡೆಯನ್ನು ಹೊರಗೆ ತೆಗೆದು ಸರಿಮಾಡಿ ಮತ್ತೆ ಒಳಗಿಡುತ್ತಾರೆ ಎಂಬುದು ನಿಜವೇ ಎಂಬುದನ್ನೂ ಹೇಳಿದರೆ ಮನೆಯವರಿಗೆ ಧೈರ್ಯ ಬರುತ್ತದೆ.

ಹೇಮಾವತಿ ದಂಡೆ ಅವರ ಉತ್ತರ

ನಾನು ಹಾಸನದವನು, ಆಪ್ಟೊಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷಿಸುವವನು. ಸ್ಕ್ವಿಂಟ್ (ಮೆಳ್ಳಗಣ್ಣಿನ) ವಿಭಾಗದಲ್ಲಿ ಕಣ್ಣು ಎಷ್ಟು ಸರಿದಿದೆ ಎಂದು ಅಳೆಯುವುದು ನನ್ನ ದಿನನಿತ್ಯದ ಕೆಲಸ. ಶಸ್ತ್ರಚಿಕಿತ್ಸೆ ಮಾಡುವವನು ನಾನಲ್ಲ, ನಿಮ್ಮ ಕಣ್ಣನ್ನು ನೋಡಿಯೂ ಇಲ್ಲ. ಆದ್ದರಿಂದ ನಿಮ್ಮನ್ನು ಪರೀಕ್ಷಿಸುವ ವೈದ್ಯರ ಮಾತೇ ಅಂತಿಮ ಎಂದು ತಿಳಿದು ಇದನ್ನು ಓದಿಕೊಳ್ಳಿ.

ಎಂಟು ವರ್ಷದ ಮಾತು ಎಲ್ಲಿಂದ ಬಂತು ಎಂಬುದನ್ನು ಮೊದಲು ಬಿಡಿಸಿ ಹೇಳಬೇಕು, ಏಕೆಂದರೆ ಮೆಳ್ಳಗಣ್ಣಿನ ಎಷ್ಟೋ ಮಂದಿ ಅದೊಂದೇ ಮಾತಿಗೆ ಕಟ್ಟುಬಿದ್ದು ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದಾಗಿ ಬೆರೆತುಹೋಗಿವೆ. ಮಗುವಿನ ಒಂದು ಕಣ್ಣು ಸದಾ ಪಕ್ಕಕ್ಕೆ ಸರಿದಿದ್ದರೆ ಆ ಕಣ್ಣಿನಿಂದ ಬರುವ ಚಿತ್ರವನ್ನು ಮಿದುಳು ಬದಿಗೊತ್ತುತ್ತದೆ, ಹಾಗೆ ಬದಿಗೊತ್ತುತ್ತ ಹೋದಂತೆ ಆ ಕಣ್ಣಿನ ದೃಷ್ಟಿಯೇ ಸರಿಯಾಗಿ ಬೆಳೆಯುವುದಿಲ್ಲ. ಇದನ್ನು ಆಂಬ್ಲಿಯೋಪಿಯಾ ಎನ್ನುತ್ತಾರೆ, ಜನ ಸೋಮಾರಿ ಕಣ್ಣು ಎನ್ನುತ್ತಾರೆ. ಎಳವೆಯಲ್ಲಿ ಒಂದು ಕಣ್ಣಿಗೆ ನೋಟ ಸಿಗದಿದ್ದರೆ ಮಿದುಳಿನ ದೃಷ್ಟಿಭಾಗದಲ್ಲಿ ಆ ಕಣ್ಣಿನ ಪಾಲು ಕುಗ್ಗುತ್ತದೆ ಎಂಬುದನ್ನು ಬೆಕ್ಕಿನ ಮರಿಗಳಲ್ಲಿ ತೋರಿಸಿದವರು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್. ದೃಷ್ಟಿ ವ್ಯವಸ್ಥೆಯ ಕುರಿತ ಇವರ ಸಂಶೋಧನೆಗೆ 1981ರ ನೊಬೆಲ್ ಬಹುಮಾನ ಬಂತು. ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಸೋಮಾರಿ ಕಣ್ಣನ್ನು ದುಡಿಸುವ ಚಿಕಿತ್ಸೆ ಚಿಕ್ಕ ಮಕ್ಕಳಲ್ಲಿ ಚೆನ್ನಾಗಿ ಫಲಿಸುತ್ತದೆ, ವಯಸ್ಸಾದಂತೆ ಫಲ ಇಳಿಯುತ್ತದೆ. ಶಿಬಿರದಲ್ಲಿ ಹೇಳಿದ ಗಡುವು ಇದಕ್ಕೆ ಸಂಬಂಧಿಸಿದ್ದು. ಅದೂ ಗೋಡೆ ಹಾಕಿದಂತಹ ಗಡುವಲ್ಲ, ಹದಿಹರೆಯದ ಕೆಲವರಲ್ಲಿಯೂ ಸುಧಾರಣೆ ಕಂಡಿದೆ.

ಕಣ್ಣನ್ನು ನೆಟ್ಟಗೆ ನಿಲ್ಲಿಸುವ ವಿಷಯ ಬೇರೆ. ಪ್ರತಿ ಕಣ್ಣಿಗೆ 6 ಸ್ನಾಯುಗಳಿವೆ: ನಾಲ್ಕು ನೇರವಾದವು, ಎರಡು ಓರೆಯಾದವು. ಅವು ಕಣ್ಣುಗುಡ್ಡೆಯ ಬಿಳಿ ಗೋಡೆಗೆ ಹೊರಗಿನಿಂದ ಅಂಟಿಕೊಂಡಿರುತ್ತವೆ. ಮೂಗಿನ ಕಡೆಯ ಸ್ನಾಯು ಕರಿಗುಡ್ಡೆಯ ಅಂಚಿನಿಂದ ಸುಮಾರು 5.5 ಮಿಲಿಮೀಟರ್ ಹಿಂದೆ, ಕಿವಿಯ ಕಡೆಯದು ಸುಮಾರು 7 ಮಿಲಿಮೀಟರ್ ಹಿಂದೆ ಸೇರಿಕೊಳ್ಳುತ್ತದೆ. ಹೊರಗೆ ಎಳೆಯುವ ಸ್ನಾಯುವನ್ನು ಬಿಡಿಸಿ ಇನ್ನೂ ಕೆಲವು ಮಿಲಿಮೀಟರ್ ಹಿಂದಕ್ಕೆ ಹೊಲಿದರೆ ಅದರ ಎಳೆತ ಸಡಿಲವಾಗುತ್ತದೆ, ಒಳಗೆ ಎಳೆಯುವುದನ್ನು ತುಸು ಕತ್ತರಿಸಿ ಮತ್ತೆ ಅದೇ ಜಾಗಕ್ಕೆ ಹೊಲಿದರೆ ಬಿಗಿಯಾಗುತ್ತದೆ. ಇದನ್ನು 6 ವರ್ಷದ ಮಗುವಿಗೂ ಮಾಡಬಹುದು, 60 ದಾಟಿದವರಿಗೂ ಮಾಡಬಹುದು. ವಯಸ್ಸಿನ ಮೇಲ್ಮಿತಿ ಎಂಬುದಿಲ್ಲ. ಕಣ್ಣುಗುಡ್ಡೆಯನ್ನು ಹೊರಗೆ ತೆಗೆಯುತ್ತಾರೆ ಎಂಬುದು ಶುದ್ಧ ಕಟ್ಟುಕತೆ. ಬಿಳಿ ಭಾಗದ ಮೇಲಿನ ತೆಳುಪೊರೆಯಲ್ಲಿ ಸಣ್ಣ ಸೀಳು ಮಾಡಿ ಅಲ್ಲಿಂದಲೇ ಸ್ನಾಯುವನ್ನು ಮುಟ್ಟುತ್ತಾರೆ. ಕಣ್ಣಿನ ಒಳಕ್ಕೆ ಕೈ ಹಾಕುವುದೇ ಇಲ್ಲವಾದ್ದರಿಂದ ಕಣ್ಣಿನ ಪೊರೆಯ (ಕ್ಯಾಟರಾಕ್ಟ್) ಆಪರೇಷನ್ನಿಗಿಂತ ಇದರ ಸ್ವರೂಪವೇ ಬೇರೆ.

ಇನ್ನು ನೀವು ಬರೆದದ್ದರಲ್ಲಿ ನನ್ನ ಗಮನ ನಿಂತದ್ದು ಕಣದ ಬಿಸಿಲಿನ ಮಾತಿನ ಮೇಲೆ. ಬೆಳಕು ಜೋರಾದಾಗ ಒಂದು ಕಣ್ಣು ಮುಚ್ಚಿಕೊಳ್ಳುವುದು ಆಗಾಗ ಹೊರಸರಿಯುವ ಮೆಳ್ಳಗಣ್ಣಿನ ಹಳೆಯ ಗುರುತು. ಮೊದಲು ದಣಿದಾಗ ಮಾತ್ರ ಸರಿಯುತ್ತಿತ್ತು ಎಂದಿದ್ದೀರಿ, ಈಗಲೂ ಒಮ್ಮೊಮ್ಮೆ ಎರಡೆರಡು ಕಾಣುತ್ತದೆ ಎಂದಿದ್ದೀರಿ. ಹಾಗಿದ್ದರೆ ನಿಮ್ಮ ಎರಡೂ ಕಣ್ಣುಗಳು ಬಾಲ್ಯದಲ್ಲಿ ಕೆಲವು ಹೊತ್ತಾದರೂ ಜೊತೆಯಾಗಿ ದುಡಿದಿರುವ, ಎಡಗಣ್ಣಿನ ದೃಷ್ಟಿ ಪೂರ್ತಿ ಕಳೆದುಹೋಗದಿರುವ ಸಂಭವ ಹೆಚ್ಚು. ಇದು ನಿಜವಾದರೆ, ಕಣ್ಣು ನೆಟ್ಟಗಾದ ಮೇಲೆ ಎರಡೂ ಕಣ್ಣು ಕೂಡಿ ನೋಡುವ ಶಕ್ತಿ ಸ್ವಲ್ಪವಾದರೂ ಮರಳಬಹುದು. ಹುಟ್ಟಿದ ಕೆಲವೇ ತಿಂಗಳಲ್ಲಿ ಕಣ್ಣು ಒಳಸರಿದು ಹಾಗೆಯೇ ಉಳಿದವರಿಗೆ ದೂರ-ಹತ್ತಿರದ ಅಂತರ ತಿಳಿಸುವ ಆಳದ ನೋಟದ ಆಸೆಯನ್ನು ನಾನು ಹುಟ್ಟಿಸುವುದಿಲ್ಲ. ಆದರೆ ಅವರಿಗೂ ಲಾಭವಿದೆ: ಒಳಸರಿದ ಕಣ್ಣು ನೆಟ್ಟಗಾದರೆ ಆ ಮಗ್ಗುಲಿನಲ್ಲಿ ಕಾಣುವ ಹರವು ಹೆಚ್ಚುತ್ತದೆ.

ಎರಡೆರಡು ಕಾಣುವ ಭಯಕ್ಕೆ ಬರುತ್ತೇನೆ. ಚಿಕ್ಕಂದಿನ ಮೆಳ್ಳಗಣ್ಣಿನವರಲ್ಲಿ ಮಿದುಳು ಒಂದು ಚಿತ್ರವನ್ನು ಅಳಿಸುವುದನ್ನು ಕಲಿತಿರುತ್ತದೆ. ಕಣ್ಣಿನ ನಿಲುವು ಬದಲಾದಾಗ ಆ ಚಿತ್ರ ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲದ ಹೊಸ ಜಾಗದಲ್ಲಿ ಬೀಳುವುದರಿಂದ ಕೆಲವರಿಗೆ ಮೊದಲ ದಿನಗಳಲ್ಲಿ ಎರಡು ಕಾಣುತ್ತದೆ. ಬಹುಪಾಲು ಜನರಲ್ಲಿ ಅದು ತಾನಾಗಿ ಹೋಗುತ್ತದೆ. ಅದರಲ್ಲೂ ಹೊರಸರಿಯುವ ಕಣ್ಣು ಮುಂದೆ ಮತ್ತೆ ಹೊರಕ್ಕೇ ಜಾರುವ ಸ್ವಭಾವದ್ದಾದ್ದರಿಂದ, ಅನೇಕ ವೈದ್ಯರು ಬೇಕೆಂದೇ ತುಸು ಒಳಕ್ಕೆ ಹೆಚ್ಚಾಗಿ ತಿದ್ದಿರುತ್ತಾರೆ. ಅದು ತಿಳಿಯದೆ ರೋಗಿ ಹೆದರುತ್ತಾನೆ. ಉಳಿದುಬಿಡುವ ಜೋಡಿ ನೋಟ ಅಪರೂಪ, ಆದರೆ ಇಲ್ಲವೇ ಇಲ್ಲ ಎಂದು ಯಾರೂ ಭರವಸೆ ಕೊಡಬಾರದು. ಅದಕ್ಕಾಗಿಯೇ ಮೊದಲು, ಬೆಳಕನ್ನು ಬಾಗಿಸಿ ಚಿತ್ರವನ್ನು ಸರಿಸುವ ಪ್ರಿಸಂ ಗಾಜುಗಳನ್ನು ಕಣ್ಣಿನ ಮುಂದೆ ಹಿಡಿದು, ಆಪರೇಷನ್ ಆದ ಮೇಲೆ ಚಿತ್ರ ಎಲ್ಲಿ ಬೀಳುತ್ತದೋ ಅಲ್ಲಿಗೇ ಅದನ್ನು ತಂದು, ಎರಡು ಕಾಣುತ್ತದೆಯೇ ಎಂದು ಕೇಳುತ್ತೇವೆ. ಈ ಪರೀಕ್ಷೆ ಮಾಡದೆ ಯಾರಾದರೂ ದಿನ ಗೊತ್ತುಮಾಡಿದರೆ, ವಿನಯದಿಂದಲೇ ಇನ್ನೊಬ್ಬರ ಅಭಿಪ್ರಾಯ ಪಡೆದುಕೊಳ್ಳಿ.

ಅಂದಕ್ಕೆ ಮಾತ್ರ ಎಂಬ ಮಾತಿನ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಎದುರಿಗಿರುವವರ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವಂತಾಗುವುದನ್ನು ಅಲಂಕಾರದ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ. ಸರಿದ ಕಣ್ಣನ್ನು ಇದ್ದ ಜಾಗಕ್ಕೆ ತರುವುದು ಮುರಿದ ಕೈಯನ್ನು ಕೂಡಿಸುವ ಹಾಗೆ, ಮೂಗನ್ನು ಚೆಂದ ಮಾಡಿಸಿಕೊಳ್ಳುವ ಹಾಗಲ್ಲ.

ಅರಸೀಕೆರೆ ಮೇಷ್ಟ್ರು ಅವರ ಉತ್ತರ

ಮೇಲಿನವರು ಚಿಕ್ಕಂದಿನಿಂದ ಬಂದದ್ದರ ಬಗ್ಗೆ ಬರೆದಿದ್ದಾರೆ. ಇದ್ದಕ್ಕಿದ್ದಂತೆ ದೊಡ್ಡ ವಯಸ್ಸಿನಲ್ಲಿ ಕಣ್ಣು ಸರಿಯುವುದು ಇನ್ನೊಂದು ಬಗೆ, ಅದು ನನ್ನ ಅನುಭವ. ಇದನ್ನು ಓದುವವರಲ್ಲಿ ಸಕ್ಕರೆ ಕಾಯಿಲೆಯವರು ಅನೇಕರಿರುತ್ತಾರೆಂದು ಬರೆಯುತ್ತಿದ್ದೇನೆ.

ನಿವೃತ್ತಿಗೆ ಹತ್ತಿರವಿದ್ದಾಗ ಒಂದು ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದರೆ ತೆಂಗಿನ ಮರಗಳೆಲ್ಲ ಜೋಡಿಜೋಡಿಯಾಗಿ ನಿಂತಿದ್ದವು. ಹತ್ತಿರದ ಪತ್ರಿಕೆ ಹೆಚ್ಚುಕಡಿಮೆ ಒಂದಾಗಿಯೇ ಕಾಣುತ್ತಿತ್ತು, ದೂರ ನೋಡಿದಷ್ಟೂ, ಬಲಕ್ಕೆ ನೋಡಿದಷ್ಟೂ ಚಿತ್ರಗಳು ಅಗಲುತ್ತಿದ್ದವು. ಬಲಗಣ್ಣು ಒಳಕ್ಕೆ ಸರಿದಿತ್ತು. ಹಾಸನದಲ್ಲಿ ಪರೀಕ್ಷಿಸಿದ ವೈದ್ಯರು ಮೊದಲು ಮಾಡಿಸಿದ ಕೆಲಸ ಬಹಳ ಸರಳವಾಗಿತ್ತು: ಒಂದೊಂದೇ ಕಣ್ಣು ಮುಚ್ಚಿ ನೋಡಿ ಎಂದರು. ಯಾವ ಕಣ್ಣು ಮುಚ್ಚಿದರೂ ಚಿತ್ರ ಒಂದೇ ಆಗುತ್ತಿತ್ತು. ಹಾಗಾದರೆ ತೊಂದರೆ ಎರಡು ಕಣ್ಣುಗಳ ಹೊಂದಾಣಿಕೆಯಲ್ಲಿದೆ. ಒಂದೇ ಕಣ್ಣಿನಲ್ಲಿ ನೋಡಿದಾಗಲೂ ಎರಡು ಕಂಡರೆ ಅದು ಪೊರೆಯದೋ ಕನ್ನಡಕದ ನಂಬರಿನದೋ ಇರಬೇಕು ಎಂದು ವಿವರಿಸಿದರು. ಮಿದುಳಿನಿಂದ ಬರುವ ಆರನೆಯ ನರ ಕಣ್ಣನ್ನು ಹೊರಕ್ಕೆ ತಿರುಗಿಸುವ ಸ್ನಾಯುವನ್ನು ನಡೆಸುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡದಿಂದ ಆ ನರದ ಸೂಕ್ಷ್ಮ ರಕ್ತನಾಳಗಳಲ್ಲಿ ಹರಿವು ಕುಂದಿ ಅದು ಸೋತಿದೆ ಎಂಬುದು ಅವರ ನಿರ್ಣಯ.

ಆಪರೇಷನ್ ಬೇಕೇ ಎಂದು ಕೇಳಿದೆ. ಈಗ ಮುಟ್ಟುವುದೇ ಇಲ್ಲ ಎಂದರು. ಇಂತಹ ನರದೌರ್ಬಲ್ಯ ಮೂರರಿಂದ ಆರು ತಿಂಗಳೊಳಗೆ ತಾನಾಗಿ ಚೇತರಿಸಿಕೊಳ್ಳುವುದು ಸಾಮಾನ್ಯವಂತೆ. ಅಷ್ಟರೊಳಗೆ ಸ್ನಾಯುವನ್ನು ತಿದ್ದಿದರೆ, ನರ ಮರಳಿದಾಗ ಕಣ್ಣು ಎದುರು ದಿಕ್ಕಿಗೆ ಹೋಗುತ್ತದಂತೆ. ಆ ತನಕ ಕನ್ನಡಕದ ಗಾಜಿಗೆ ಅಂಟಿಸುವ, ಗೆರೆಗೆರೆಯಾದ ತೆಳು ಪ್ಲಾಸ್ಟಿಕ್ ಪ್ರಿಸಂ ಕೊಟ್ಟರು. ಅದರ ಮೂಲಕ ನೋಟ ಸ್ವಲ್ಪ ಮಸುಕು, ಆದರೆ ಲೋಕ ಮತ್ತೆ ಒಂದಾಯಿತು. ಸಕ್ಕರೆ ಹತೋಟಿಗೆ ಬಂದು, ಕಣ್ಣು ಸರಿದಿದ್ದ ಕೋನ ಕಡಿಮೆಯಾದಂತೆಲ್ಲ ಪ್ರಿಸಂ ಬದಲಾಯಿಸುತ್ತ ಹೋಗಿ, ಕೊನೆಗೆ ಅದನ್ನು ಕಿತ್ತುಹಾಕಿದರು. ಶಸ್ತ್ರಚಿಕಿತ್ಸೆಯ ಪ್ರಸಂಗವೇ ಬರಲಿಲ್ಲ. ಆ ಅವಧಿಯಲ್ಲಿ ಸ್ಕೂಟರ್ ಮುಟ್ಟಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ರೈಟರ್ ಅವರು ರಾತ್ರಿ ದೀಪಗಳು ಎರಡಾಗಿ ಕಾಣುವಾಗಲೂ ಜೀಪು ಓಡಿಸುತ್ತಿದ್ದರೆ, ಹಿರಿಯನಾಗಿ ಹೇಳುತ್ತೇನೆ, ಮಲೆನಾಡಿನ ತಿರುವುಗಳಲ್ಲಿ ಅದು ಬೇಡ. ಪರೀಕ್ಷೆ ಮುಗಿಯುವ ತನಕ ಬೇರೆಯವರಿಗೆ ಕೊಡಿ.

ಹೇಮಾವತಿ ದಂಡೆ

ಮೇಷ್ಟ್ರ ಮಾತಿಗೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಇದ್ದಕ್ಕಿದ್ದಂತೆ ಎರಡು ಕಾಣತೊಡಗಿದವರೆಲ್ಲರೂ ಕಾಯಬಹುದು ಎಂದು ಯಾರೂ ತಿಳಿಯಬಾರದು. ಅದರ ಜೊತೆಗೆ ರೆಪ್ಪೆ ಜೋತುಬಿದ್ದು ಆ ಕಣ್ಣಿನ ಪಾಪೆ ದೊಡ್ಡದಾಗಿದ್ದರೆ, ಹಿಂದೆಂದೂ ಕಾಣದ ತಲೆನೋವು ಬಂದರೆ, ಮಾತು ತೊದಲಿದರೆ ಅಥವಾ ಕೈಕಾಲು ಸೋತರೆ ಅದು ಮಿದುಳಿನ ರಕ್ತನಾಳದ ಅಪಾಯವಾಗಿರಬಹುದು. ಕಣ್ಣಿನ ಆಸ್ಪತ್ರೆಯ ಸರತಿಯಲ್ಲಿ ನಿಲ್ಲದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಯಾದಂತೆ ರೆಪ್ಪೆ ಇಳಿದು ಎರಡು ಕಾಣುವುದು ಮಯಸ್ತೇನಿಯಾ ಎಂಬ ಸ್ನಾಯುರೋಗದ ಸೂಚನೆ ಇರಬಹುದು. ಥೈರಾಯ್ಡ್ ತೊಂದರೆಯಿರುವವರಲ್ಲಿ ಕಣ್ಣಿನ ಸ್ನಾಯುಗಳು ಊದಿ ಬಿಗಿಯುತ್ತವೆ. ಅಲ್ಲಿ ಉರಿಯೂತ ಆರಿ, ಅಳತೆ ಕೆಲವು ತಿಂಗಳು ಒಂದೇ ಸಮನೆ ನಿಂತ ಮೇಲೆಯೇ ಶಸ್ತ್ರಚಿಕಿತ್ಸೆ. ಬೀಡಿ ಸಿಗರೇಟು ಸೇದುವವರಲ್ಲಿ ಅದು ಇನ್ನಷ್ಟು ಕೆಡುತ್ತದೆ.

ಗಿರಿ ತಪ್ಪಲು ಅವರ ಉತ್ತರ

ನಾನು ಚಿಕ್ಕಮಗಳೂರಿನವಳು. ರೈಟರ್ ಅವರ ವಯಸ್ಸಿಗೆ ಹತ್ತಿರವಿದ್ದಾಗಲೇ ಬೆಂಗಳೂರಿನಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ, ನನ್ನದೂ ಹೊರಸರಿಯುವ ಕಣ್ಣೇ. ವೈದ್ಯಕೀಯ ವಿವರ ಮೇಲಿನವರು ಬರೆದಿರುವುದರಿಂದ, ಆಸ್ಪತ್ರೆಗೆ ಹೋದ ಮೇಲೆ ಏನೇನಾಗುತ್ತದೆ ಎಂಬುದನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದಾಗಿ, ಈ ತಜ್ಞರು ಮಕ್ಕಳ ಕಣ್ಣಿಗೂ ಸ್ಕ್ವಿಂಟಿಗೂ ಸೇರಿ ತರಬೇತಾದವರು. ಹಾಗಾಗಿ ಗೊಂಬೆಗಳ ಚಿತ್ರ ಅಂಟಿಸಿದ ಗೋಡೆಯ ಕೆಳಗೆ, ಪಟ್ಟಿ ಕಟ್ಟಿಕೊಂಡ ಮಕ್ಕಳ ನಡುವೆ ನಾನೊಬ್ಬಳೇ ದೊಡ್ಡವಳಾಗಿ ಕೂತಿದ್ದೆ. ಮಗು ಎಲ್ಲಿ ಎಂದು ಪಕ್ಕದವರು ಕೇಳಿದರೆ ಮುಜುಗರಪಡಬೇಡಿ. ಪರೀಕ್ಷೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ಒಂದು ಕಣ್ಣು ಮುಚ್ಚಿ ತೆಗೆದು, ಪ್ರಿಸಂ ಬದಲಾಯಿಸಿ, ಹತ್ತಿರಕ್ಕೆ, ದೂರಕ್ಕೆ, ಮೇಲಕ್ಕೆ, ಕೆಳಕ್ಕೆ ನೋಡಿಸಿ ಅಳೆಯುತ್ತಾರೆ. ನನ್ನ ಹಳೆಯ ಫೋಟೋಗಳನ್ನು ಕೇಳಿದರು. ಶಾಲೆಯ ಗುಂಪು ಚಿತ್ರದಲ್ಲಿ, ಮದುವೆಯ ಆಲ್ಬಮ್ಮಿನಲ್ಲಿ ಕಣ್ಣು ಯಾವಾಗಿನಿಂದ ಎಷ್ಟು ಸರಿದಿದೆ, ತಲೆಯನ್ನು ಒಂದು ಕಡೆಗೆ ವಾಲಿಸುವ ಅಭ್ಯಾಸವಿತ್ತೇ ಎಂದು ನೋಡಲಿಕ್ಕೆ. ನೀವೂ ಕೆಲವನ್ನು ತೆಗೆದುಕೊಂಡು ಹೋಗಿ.

ನನಗೆ ಪೂರ್ಣ ಅರಿವಳಿಕೆ ಕೊಟ್ಟಿದ್ದರು. ದೊಡ್ಡವರಿಗೆ ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿ ಮಾಡುವುದೂ ಉಂಟು. ದೊಡ್ಡವರಾಗಿರುವುದರಿಂದ ಸಿಗುವ ಒಂದು ಅನುಕೂಲವನ್ನು ಇಲ್ಲಿ ಹೇಳಲೇಬೇಕು: ಹೊಲಿಗೆಯನ್ನು ಪೂರ್ತಿ ಗಂಟು ಹಾಕದೆ ಜಾರುಗಂಟಿನಲ್ಲಿ ಬಿಟ್ಟಿರುತ್ತಾರೆ. ಪ್ರಜ್ಞೆ ಪೂರ್ಣ ಮರಳಿದ ಮೇಲೆ, ಅದೇ ದಿನ ಅಥವಾ ಮರುದಿನ, ಮರಗಟ್ಟಿಸುವ ಹನಿ ಹಾಕಿ, ನೆಟ್ಟಗೆ ಕೂರಿಸಿ, ದೂರದ ಅಕ್ಷರ ನೋಡಿಸುತ್ತ ಅಳೆದು, ಹೆಚ್ಚುಕಡಿಮೆಯಾಗಿದ್ದರೆ ಹೊಲಿಗೆಯನ್ನು ಎಳೆದೋ ಸಡಿಲಿಸಿಯೋ ಆಮೇಲೆ ಗಂಟು ಹಾಕುತ್ತಾರೆ. ಚಿಕ್ಕ ಮಕ್ಕಳು ಇದಕ್ಕೆ ಸಹಕರಿಸಲಾರರು. ನೋವು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಳೆದಂತೆ, ಒತ್ತಿದಂತೆ ಆಗಿ ಹೊಟ್ಟೆ ತೊಳಸಿತು. ಕಣ್ಣಿನ ಸ್ನಾಯು ಎಳೆದಾಗ ಹೃದಯದ ಬಡಿತ ನಿಧಾನವಾಗುವ ಒಂದು ಸಹಜ ಪ್ರತಿಕ್ರಿಯೆ ಇದೆಯಂತೆ, ಆದ್ದರಿಂದ ನಾಡಿಯ ಮೇಲೆ ಗಮನವಿಟ್ಟಿದ್ದರು.

ಮನೆಗೆ ಬಂದ ಮೇಲೆ ಕಣ್ಣು ಕೆಂಡದಂತೆ ಕೆಂಪಗಿತ್ತು, ಅದು ಇಳಿಯಲು ಕೆಲವು ವಾರ ಬೇಕಾಯಿತು. ಹೊಲಿಗೆ ತಾನಾಗಿ ಕರಗುತ್ತದೆ, ಅಷ್ಟರ ತನಕ ಮರಳು ಬಿದ್ದಂತೆ ಚುಚ್ಚುತ್ತದೆ. ಧೂಳು, ಹೊಗೆ, ಈಜು ಬೇಡ ಎಂದಿದ್ದರು. ಇಲ್ಲಿಯವರಿಗೆ ಇದು ಮುಖ್ಯ: ನವೆಂಬರಿನಿಂದ ಫೆಬ್ರುವರಿಯ ತನಕ ಕಾಫಿ ಕೊಯ್ಲು, ಅದರ ಬೆನ್ನಿಗೇ ಮೆಣಸು. ಕಣದ ಧೂಳಿನಲ್ಲಿ, ಏಣಿಯ ಪಕ್ಕದಲ್ಲಿ ನಿಲ್ಲಬೇಕಾದ ತಿಂಗಳುಗಳಲ್ಲಿ ಇದನ್ನು ಇಟ್ಟುಕೊಳ್ಳಬೇಡಿ. ಮೊದಲ ವಾರ ನನಗೂ ಎರಡು ಕಂಡಿತು. ಲೋಟಕ್ಕೆ ನೀರು ಸುರಿಯಲು ಹೋಗಿ ಮೇಜಿನ ಮೇಲೆ ಸುರಿದೆ. ಮುಂದೆ ಹೋಯಿತು.

ಕಣ್ಣು ಈಗ ಅಳತೆ ಪಟ್ಟಿ ಇಟ್ಟಂತೆ ನೇರವಾಗಿದೆಯೇ ಎಂದರೆ, ಇಲ್ಲ. ದಣಿದಾಗ ಕೂದಲೆಳೆಯಷ್ಟು ಸರಿಯುತ್ತದೆ, ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಮುಂದೊಂದು ದಿನ ಮತ್ತೆ ತಿದ್ದಬೇಕಾಗಬಹುದು ಎಂದು ಮೊದಲೇ ಹೇಳಿದ್ದರು, ಅದನ್ನು ಒಪ್ಪಿಕೊಂಡೇ ಮಾಡಿಸಿಕೊಂಡೆ. ಅದೃಷ್ಟ ಕೆಡುತ್ತದೆ ಎಂದು ನಮ್ಮತ್ತೆಯವರು ಬೇಸರಿಸಿದ್ದರು. ಆ ವರ್ಷ ಮೆಣಸಿಗೆ ಒಳ್ಳೆಯ ಬೆಲೆ ಬಂದದ್ದರಿಂದ ಆ ಮಾತು ಅಲ್ಲಿಗೇ ನಿಂತಿತು.

ಮೂಡಿಗೆರೆ ರೈಟರ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಷ್ಟ್ರೇ, ಜೀಪಿನ ಕೀಲಿಯನ್ನು ಡ್ರೈವರಿಗೆ ಕೊಟ್ಟಿದ್ದೇನೆ. ಹೇಮಾವತಿ ದಂಡೆ ಸರ್, ಇನ್ನೆರಡು ವಿಷಯ ಉಳಿದಿವೆ. ವ್ಯಾಯಾಮ, ಇಂಜೆಕ್ಷನ್, ಕನ್ನಡಕ ಇವುಗಳಿಂದಲೇ ನನ್ನಂಥವರಿಗೆ ಸರಿಹೋಗುವುದಿಲ್ಲವೇ? ಮತ್ತು ಖರ್ಚಿನ ದಾರಿ ಯಾವುದು? ನಮ್ಮದು ಬಿಪಿಎಲ್ ಕಾರ್ಡು.

ಹೇಮಾವತಿ ದಂಡೆ

ವ್ಯಾಯಾಮವನ್ನು ನಾನು ತಳ್ಳಿಹಾಕುವುದಿಲ್ಲ, ಅದರ ಜಾಗ ಬೇರೆ. ಹತ್ತಿರ ನೋಡುವಾಗ ಎರಡು ಕಣ್ಣುಗಳನ್ನು ಒಳಕ್ಕೆ ತರುವ ಶಕ್ತಿ ಕಡಿಮೆಯಿರುವವರಿಗೆ, ತಜ್ಞರು ಹೇಳಿಕೊಟ್ಟಂತೆ ನಿಯಮಿತವಾಗಿ ಮಾಡಿದರೆ ಒಳ್ಳೆಯ ಗುಣ ಕಾಣುತ್ತದೆ. ಲೆಕ್ಕ ಬರೆಯುವಾಗ ಅಂಕಿಗಳು ಕಲೆಸುವ ನಿಮ್ಮ ತೊಂದರೆಗೆ ಇದರಿಂದ ಸ್ವಲ್ಪ ಉಪಶಮನ ಸಿಕ್ಕರೂ ಸಿಗಬಹುದು. ಆದರೆ ದಿನದ ಬಹುಪಾಲು ಹೊರಗೇ ನಿಲ್ಲುವ ಕಣ್ಣನ್ನು ವ್ಯಾಯಾಮ ನೆಟ್ಟಗೆ ಮಾಡುವುದಿಲ್ಲ. ಪರೀಕ್ಷೆಯನ್ನೇ ಮಾಡದೆ, ಕೋನವನ್ನೇ ಅಳೆಯದೆ ಮೊಬೈಲಿನಲ್ಲಿ ಹಣ ಕಟ್ಟಿಸಿಕೊಳ್ಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಿಸಂ ಕನ್ನಡಕದ ಲೆಕ್ಕ ಹೀಗಿದೆ: 1 ಪ್ರಿಸಂ ಡಯಾಪ್ಟರ್ ಎಂದರೆ 1 ಮೀಟರ್ ದೂರದಲ್ಲಿ ಚಿತ್ರವನ್ನು 1 ಸೆಂಟಿಮೀಟರ್ ಸರಿಸುವ ಗಾಜು. ಸಣ್ಣ ಕೋನದಿಂದ ಎರಡು ಕಾಣುವವರಿಗೆ ಇದು ವರದಾನ. ಕೋನ ದೊಡ್ಡದಾದರೆ ಗಾಜು ದಪ್ಪವಾಗಿ, ಭಾರವಾಗಿ, ಅಂಚಿನಲ್ಲಿ ಬಣ್ಣ ಒಡೆದು ಕಾಣುತ್ತದೆ. ಅಲ್ಲದೆ ಪ್ರಿಸಂ ಚಿತ್ರವನ್ನು ಸರಿಸುತ್ತದೆಯೇ ಹೊರತು ಕಣ್ಣನ್ನು ಸರಿಸುವುದಿಲ್ಲ; ಮಸ್ಟರಿನಲ್ಲಿ ಪಕ್ಕದವರು ಉತ್ತರ ಕೊಡುವುದು ನಿಲ್ಲುವುದಿಲ್ಲ. ಆದರೂ ಒಂದು ಮಾತು: ದೂರ ನೋಡುವ ಕನ್ನಡಕದ ನಂಬರು ತಪ್ಪಿದ್ದರೆ ಹೊರಸರಿಯುವ ಕಣ್ಣನ್ನು ಹಿಡಿದಿಟ್ಟುಕೊಳ್ಳುವುದು ಇನ್ನೂ ಕಷ್ಟವಾಗುವುದರಿಂದ, ಆಪರೇಷನ್ನಿನ ಯೋಚನೆಗೆ ಮೊದಲು ಸರಿಯಾದ ನಂಬರು ಹಾಕಿಸಿಕೊಳ್ಳಲೇಬೇಕು.

ಇಂಜೆಕ್ಷನ್ ಎಂದರೆ ಬೊಟುಲಿನಮ್ ಟಾಕ್ಸಿನ್. ಮುಖದ ಸುಕ್ಕಿಗೆ ಹಾಕಿಸಿಕೊಳ್ಳುವ ಔಷಧ ಎಂದು ಹೆಸರಾಗಿರುವ ಇದು ಮೊದಲು ಬಂದದ್ದು ಮೆಳ್ಳಗಣ್ಣಿಗಾಗಿಯೇ. ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಇದನ್ನು ಕಣ್ಣಿನ ಸ್ನಾಯುವಿಗೆ ಚುಚ್ಚಿ ಪ್ರಯೋಗಿಸಿದರು, ಅಮೆರಿಕದಲ್ಲಿ 1989ರಲ್ಲಿ ಮೆಳ್ಳಗಣ್ಣು ಮತ್ತು ರೆಪ್ಪೆಸೆಳೆತಕ್ಕೆ ಅನುಮತಿ ದೊರೆಯಿತು. ಎಳೆಯುವ ಸ್ನಾಯುವನ್ನು ಅದು ಸುಮಾರು ಮೂರು ತಿಂಗಳು ಸಡಿಲಿಸುತ್ತದೆ. ಹೊಸದಾಗಿ ಬಂದ ನರದೌರ್ಬಲ್ಯದಲ್ಲಿ, ಸಣ್ಣ ಕೋನದಲ್ಲಿ ಉಪಯೋಗವಿದೆ. ಹಳೆಯ, ದೊಡ್ಡ ಹೊರಸರಿತಕ್ಕೆ ಶಸ್ತ್ರಚಿಕಿತ್ಸೆಯಷ್ಟು ನೆಚ್ಚಿಕೆಯದಲ್ಲ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಚಿಕಿತ್ಸೆಗೆ ಅವಕಾಶವಿದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ) ಶೇ. 30ರಷ್ಟು ಮಾತ್ರ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ನಿಮಗೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯೋ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೋ ಅನುಕೂಲ. ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ ಬರೆಸಿಕೊಂಡು ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ಹೋಗಬಹುದು. ಪತ್ರದಲ್ಲಿ ಬರೀ ಸ್ಕ್ವಿಂಟ್ ಎಂದು ಬರೆಸಿಕೊಂಡು ಬರಬೇಡಿ. ಎರಡೆರಡು ಕಾಣುವುದು, ಓದುವಾಗಿನ ತೊಂದರೆ, ಅಳೆದ ಕೋನ ಎಲ್ಲವೂ ದಾಖಲಾಗಲಿ. ಸೌಂದರ್ಯ ಚಿಕಿತ್ಸೆ ಎಂದು ಯಾರೂ ಪಕ್ಕಕ್ಕಿಡದಂತೆ ಅದು ಕಾಯುತ್ತದೆ, ಖಾಸಗಿ ವಿಮೆಯವರ ಮುಂದೆಯೂ ಇದೇ ಕಾಗದ ಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾಗಿರುವ ಆರೋಗ್ಯಮಿತ್ರರನ್ನು ಕಂಡು, ನಿಮ್ಮ ಶಸ್ತ್ರಚಿಕಿತ್ಸೆ ಯಾವ ಪ್ಯಾಕೇಜಿಗೆ ಬರುತ್ತದೆ ಎಂದು ದಾಖಲಾಗುವ ಮುನ್ನವೇ ಕೇಳಿ. ಸ್ಕ್ವಿಂಟ್ ನೋಡುವ ವೈದ್ಯರು ಯಾವ ದಿನ ಕೂರುತ್ತಾರೆ ಎಂದು ಫೋನಿನಲ್ಲಿ ವಿಚಾರಿಸಿಕೊಂಡು ಹೊರಡಿ. ಮೊದಲ ಪರೀಕ್ಷೆಯ ದಿನ ಪಾಪೆ ಹಿಗ್ಗಿಸುವ ಹನಿ ಹಾಕುವ ಸಂಭವವಿದೆ; ಕೆಲವು ಗಂಟೆ ಹತ್ತಿರದ್ದು ಮಸುಕಾಗಿ, ಬಿಸಿಲು ಕಣ್ಣಿಗೆ ಕುಕ್ಕುತ್ತದೆಯಾದ್ದರಿಂದ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಗಿರಿ ತಪ್ಪಲು

ರೈಟರ್ ಅವರೇ, ನಾಲ್ಕಾರು ಹಳೆಯ ಫೋಟೋಗಳ ಜೊತೆಗೆ ಈಗ ಹಾಕುತ್ತಿರುವ ಕನ್ನಡಕವನ್ನೂ ಮರೆಯದೆ ಇಟ್ಟುಕೊಳ್ಳಿ. ಸಕ್ಕರೆ, ಬಿ.ಪಿ., ಥೈರಾಯ್ಡ್ ರಕ್ತಪರೀಕ್ಷೆಗಳನ್ನು ಊರಿನಲ್ಲೇ ಮಾಡಿಸಿಕೊಂಡು ಹೋದರೆ ಬೆಂಗಳೂರಿನ ಓಡಾಟ ಕಡಿಮೆಯಾಗುತ್ತದೆ. ಕೊಯ್ಲು ಮುಗಿದು ಮೆಣಸು ಒಣಗಿ ಚೀಲ ಸೇರಿದ ಮೇಲೆ, ಮಳೆ ಹಿಡಿಯುವುದಕ್ಕೆ ಮೊದಲಿನ ಏಪ್ರಿಲ್ ತಿಂಗಳು ನಿಮ್ಮ ಕೆಲಸಕ್ಕೆ ಹೊಂದಬಹುದು. ದಣಿಗಳ ಹತ್ತಿರ ರಜೆಯ ಮಾತನ್ನು ಈಗಲೇ ಆಡಿಟ್ಟಿರಿ.